‘ಹಿಚ್‌ಕಾಕೀಯ’ ಎಂಬ ವಿಶೇಷಣ

ವ್ಯಕ್ತಿಯೊಬ್ಬನ ಹೆಸರು ಅವನನ್ನು ಬಿಟ್ಟು ಹೊರಟು ವಿಶೇಷಣವಾಗಿ ಬಾಳುವುದು ಯಾವ ಭಾಷೆಗೂ ಹೊಸತಲ್ಲ. ಇಂಗ್ಲಿಷಿನಲ್ಲಿ ಮ್ಯಾಕಿಯವೆಲಿಯ ಹೆಸರು ಕುಟಿಲ ರಾಜನೀತಿಗೂ, ಕಾಫ್ಕಾನ ಹೆಸರು ದಾರಿಗಾಣದ ಕಚೇರಿಯ ದುಃಸ್ವಪ್ನಕ್ಕೂ ಅಂಟಿಕೊಂಡಿವೆ. ಆರ್ವೆಲ್ಲನ ಹೆಸರಂತೂ ಆತ ಜೀವಮಾನವೆಲ್ಲ ವಿರೋಧಿಸಿದ ಪ್ರಭುತ್ವಕ್ಕೇ ಅಂಟಿದೆ. ಕನ್ನಡದ ರೀತಿ ಸ್ವಲ್ಪ ಬೇರೆ. ನಾವು ಪ್ರತ್ಯಯವನ್ನು ಹುಡುಕುತ್ತ ಹೋಗುವುದಿಲ್ಲ. ಹೆಸರನ್ನೇ ತಂದು ನಾಮಪದದ ಹಿಂದೆ ನಿಲ್ಲಿಸಿಬಿಡುತ್ತೇವೆ. ಭಗೀರಥ ಪ್ರಯತ್ನ, ಭೀಷ್ಮ ಪ್ರತಿಜ್ಞೆ, ಕುಂಭಕರ್ಣ ನಿದ್ರೆ ಮುಂತಾದುವು ಹೀಗೆ ಆದವು. ಶಾಸ್ತ್ರದ ವಿಷಯ ಬಂದಾಗ ಮಾತ್ರ ಸಂಸ್ಕೃತದ ‘ಈಯ’ ಪ್ರತ್ಯಯವನ್ನು ಎರವು ತಂದು ‘ಪಾಣಿನೀಯ’ ಎಂಬಂಥ ರೂಪವನ್ನು ಬಳಸುತ್ತೇವೆ. ಈ ಎರಡು ರೀತಿಗಳಿಗೂ ಅರ್ಥದಲ್ಲಿ ಭೇದವಿದೆ. ಪಾಣಿನೀಯವೆಂದರೆ ಪಾಣಿನಿಯೇ ಹೇಳಿದ್ದು. ಭಗೀರಥ ಪ್ರಯತ್ನವೆಂದರೆ ಭಗೀರಥನಲ್ಲದ ಇನ್ನೊಬ್ಬನು ಮಾಡಿದ್ದು. ಆಲ್ಫ್ರೆಡ್ ಹಿಚ್‌ಕಾಕನ ಹೆಸರಿನಿಂದ ಇಂಗ್ಲಿಷಿನಲ್ಲಿ ಹುಟ್ಟಿದ ವಿಶೇಷಣ ನೋಡಲು ಮೊದಲನೆಯದರಂತಿದೆ, ನಡೆಯುವುದು ಎರಡನೆಯದರಂತೆ. ಹಿಚ್‌ಕಾಕನು ತೆಗೆದ ಚಿತ್ರವನ್ನು ‘ಹಿಚ್‌ಕಾಕೀಯ’ವೆಂದು ಕರೆಯುವವರು ವಿರಳ, ಆತ ತೆಗೆಯದೆ ಇದ್ದ ಚಿತ್ರಗಳಿಗೇ ಆ ಮಾತು ಹೆಚ್ಚಾಗಿ ಸಲ್ಲುತ್ತಿದೆ.

ಇತಿಹಾಸದ ವಿದ್ಯಾರ್ಥಿಗೆ ಇಂಥ ಶಬ್ದವೂ ಒಂದು ಆಕರವೇ ಸರಿ. ಶಾಸನವೊಂದು ಸಿಕ್ಕಿದಾಗ ಅದನ್ನು ಬರೆಸಿದವರಾರು, ಯಾವ ಪ್ರಯೋಜನಕ್ಕಾಗಿ ಬರೆಸಿದರು, ಯಾರ ಹೆಸರನ್ನು ಹೇಳದೆ ಬಿಟ್ಟರು ಎಂದು ಕೇಳುತ್ತೇವಷ್ಟೆ. ಅದೇ ಪ್ರಶ್ನೆಗಳನ್ನು ಈ ಶಬ್ದಕ್ಕೂ ಹಾಕಬಹುದು. ಹಾಕಬೇಕಾದ ಅಗತ್ಯವೂ ಇದೆ. ಚಿತ್ರದಲ್ಲಿ ಒಂದು ಕೊಲೆ, ಹೊಂಗೂದಲಿನ ಒಬ್ಬ ನಾಯಿಕೆ, ಒಂದು ಸುರುಳಿ ಮೆಟ್ಟಿಲು ಇದ್ದರೆ ಸಾಕು, ವಿಮರ್ಶಕನ ಲೇಖನಿಯಿಂದ ಈ ವಿಶೇಷಣ ತಾನಾಗಿ ಇಳಿದುಬಿಡುತ್ತದೆ. ಎಲ್ಲಕ್ಕೂ ಸಲ್ಲುವ ಮಾತು ಯಾವುದನ್ನೂ ಹೇಳುವುದಿಲ್ಲ. ಆದರೆ ಈ ಮಾತಿಗೆ ನಿಜವಾಗಿಯೂ ಒಂದು ಖಚಿತವಾದ ಅರ್ಥವಿದೆ ಎಂಬುದು ನನ್ನ ನಂಬಿಕೆ. ಅದು ಸವೆದುಹೋಗುವುದನ್ನು ನೋಡುತ್ತ ಸುಮ್ಮನಿರಬಾರದು.

ಹಿಚ್‌ಕಾಕನು ಹುಟ್ಟಿದ್ದು ೧೮೯೯ರ ಆಗಸ್ಟ್ ೧೩ರಂದು, ಲಂಡನ್ನಿನ ಅಂಚಿನ ಲೇಟನ್‌ಸ್ಟನ್ ಎಂಬಲ್ಲಿ. ತಂದೆ ತರಕಾರಿ ವ್ಯಾಪಾರಿ, ಮನೆತನ ಕ್ಯಾಥೊಲಿಕ್. ಮೂಕಿ ಚಿತ್ರಗಳಿಗೆ ಅಕ್ಷರಫಲಕಗಳನ್ನು ರಚಿಸುವ ಕೆಲಸದಿಂದ ಆತನ ವೃತ್ತಿ ಮೊದಲಾಯಿತು. ೧೯೨೪ರ ಹೊತ್ತಿಗೆ ಬರ್ಲಿನ್ನಿನ ಸ್ಟುಡಿಯೋದಲ್ಲಿದ್ದು ಮುರ್ನೌ ಎಂಬ ಜರ್ಮನ್ ನಿರ್ದೇಶಕನ ಕೆಲಸವನ್ನು ಕಣ್ಣಾರೆ ಕಂಡನು. ೧೯೩೯ರಲ್ಲಿ ಅಮೆರಿಕಕ್ಕೆ ಹೋದನು. ೧೯೭೬ರವರೆಗೆ ಐವತ್ತಕ್ಕೂ ಮಿಕ್ಕ ಚಿತ್ರಗಳನ್ನು ನಿರ್ದೇಶಿಸಿ ೧೯೮೦ರ ಏಪ್ರಿಲ್ ೨೯ರಂದು ತೀರಿಕೊಂಡನು. ಪ್ರಕೃತಕ್ಕೆ ಇಷ್ಟು ಸಾಕು.

ಈ ವಿಶೇಷಣದ ತಿರುಳು ಇಂಗ್ಲಿಷರು ‘ಸಸ್ಪೆನ್ಸ್’ ಎನ್ನುವ ಭಾವ. ಕನ್ನಡದಲ್ಲಿ ಇದನ್ನು ‘ಕುತೂಹಲ’ವೆಂದು ಹೇಳುವ ವಾಡಿಕೆ ಬೆಳೆದುಬಂದಿದೆ. ತೊಡಕು ಇಲ್ಲಿಂದಲೇ ಪ್ರಾರಂಭವಾಗುತ್ತದೆ. ಕುತೂಹಲ ಹುಟ್ಟುವುದು ತಿಳಿಯದೆ ಇರುವುದರಿಂದ. ಕೊಲೆ ಮಾಡಿದವನು ಯಾರು, ಪೆಟ್ಟಿಗೆಯಲ್ಲಿ ಏನಿದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದೊಡನೆ ಅದು ಸಾಯುತ್ತದೆ. ಪತ್ತೇದಾರಿ ಕಾದಂಬರಿ ಜೀವಿಸುವುದು ಇದರ ಮೇಲೆ. ಹಿಚ್‌ಕಾಕನಿಗಾದರೋ ಅಂಥ ಕಥೆಗಳಲ್ಲಿ ಅಷ್ಟಾಗಿ ಆಸಕ್ತಿಯಿರಲಿಲ್ಲ. ಆತನ ಸಾಧನೆ ತಿಳಿದಿರುವುದರಿಂದ ಹುಟ್ಟುವ ಭಾವದ್ದು. ಇದಕ್ಕೆ ‘ಕಾತರ’ವೆಂಬ ಹೆಸರು ಹೆಚ್ಚು ಒಪ್ಪೀತು. ೧೯೬೨ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರೂಫೋ ನಡೆಸಿ ೧೯೬೬ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ದೀರ್ಘ ಸಂಭಾಷಣೆಯಲ್ಲಿ ಹಿಚ್‌ಕಾಕನೇ ಇದಕ್ಕೆ ಒಂದು ದೃಷ್ಟಾಂತ ಕೊಟ್ಟಿದ್ದಾನೆ. ಇಬ್ಬರು ಮೇಜಿನ ಬಳಿ ಕುಳಿತು ಏನೋ ಹರಟುತ್ತಿದ್ದಾರೆ. ಮೇಜಿನ ಕೆಳಗಿರುವ ಬಾಂಬು ಥಟ್ಟನೆ ಸಿಡಿಯುತ್ತದೆ. ಪ್ರೇಕ್ಷಕನಿಗೆ ಕೆಲವು ಕ್ಷಣಗಳ ಬೆಚ್ಚು, ಅಷ್ಟೆ. ಅದೇ ಬಾಂಬು ಅಲ್ಲಿರುವುದೂ ಅದು ಇಂಥ ಗಳಿಗೆಗೆ ಸಿಡಿಯುವುದೂ ಪ್ರೇಕ್ಷಕನಿಗೆ ಮೊದಲೇ ಗೊತ್ತಿದ್ದು, ಹರಟುವವರಿಗೆ ಮಾತ್ರ ಗೊತ್ತಿಲ್ಲದಿದ್ದರೆ, ಅದೇ ನೀರಸವಾದ ಹರಟೆಯ ಒಂದೊಂದು ಮಾತೂ ಅಸಹ್ಯ ವೇದನೆಯಾಗುತ್ತದೆ. ಎದ್ದು ಹೋಗಿರಯ್ಯಾ ಎಂದು ಕೂಗಬೇಕೆನಿಸುತ್ತದೆ. ಕೂಗಿದರೆ ಅವರಿಗೆ ಕೇಳಿಸದು.

ಇದು ಹಿಚ್‌ಕಾಕನು ಕಂಡುಹಿಡಿದ ಹೊಸ ತತ್ತ್ವವೇನೂ ಅಲ್ಲ. ಗ್ರೀಕ್ ರುದ್ರನಾಟಕವನ್ನು ಓದಿದವರಿಗೆ ಇದರ ಪರಿಚಯವಿದೆ. ಈಡಿಪಸ್ ದೊರೆ ತನ್ನ ತಂದೆಯನ್ನು ಕೊಂದವನಾರೆಂದು ಹುಡುಕುವಾಗ ಅಥೆನ್ಸಿನ ಸಭಿಕರಿಗೆಲ್ಲ ಉತ್ತರ ತಿಳಿದಿತ್ತು. ವ್ಯತ್ಯಾಸವೆಂದರೆ ಅಥೆನ್ಸಿನವರಿಗೆ ಆ ಜ್ಞಾನ ಪುರಾಣದಿಂದ ಬಂದದ್ದು. ಹಿಚ್‌ಕಾಕನು ಅದನ್ನು ಕ್ಯಾಮೆರಾದ ಮೂಲಕ, ಅಳತೆಮಾಡಿ, ಬೇಕಾದಷ್ಟೇ ಕೊಡುತ್ತಾನೆ. ಯಾರಿಗೆ, ಯಾವಾಗ, ಎಷ್ಟು ತಿಳಿದಿರಬೇಕು ಎಂಬ ಈ ಹಂಚಿಕೆಯ ಲೆಕ್ಕವೇ ಆತನ ಕಲೆ.

೧೯೪೬ರ ‘ನಟೋರಿಯಸ್’ ಚಿತ್ರದ ಔತಣದ ಭಾಗವನ್ನು ನೋಡಬಹುದು. ಬ್ರೆಜಿಲ್ ದೇಶದಲ್ಲಿ ನಾಟ್ಸಿಗಳ ಗುಂಪೊಂದಿದೆ. ಅದರ ಗುಟ್ಟನ್ನು ತಿಳಿಯುವುದಕ್ಕಾಗಿ ಅಮೆರಿಕದ ಬೇಹುಗಾರರು ಅಲೀಸಿಯಾ ಎಂಬ ತರುಣಿಯನ್ನು ಆ ಗುಂಪಿನ ಸೆಬಾಸ್ಟಿಯನ್ ಎಂಬುವನಿಗೆ ಮದುವೆಮಾಡಿಸಿದ್ದಾರೆ. ಆಕೆ ಗಂಡನ ಗೊಂಚಲಿನಿಂದ ನೆಲಮಾಳಿಗೆಯ ಬೀಗದ ಕೈಯನ್ನು ಕದ್ದಿದ್ದಾಳೆ. ದೊಡ್ಡ ಹಜಾರದ ಮೇಲ್ಭಾಗದಿಂದ, ನೆರೆದ ಅತಿಥಿಗಳ ಮೇಲೆ ತೇಲುತ್ತ ಇಳಿದು ಬರುವ ಕ್ಯಾಮೆರಾ ಕೊನೆಗೆ ಆಕೆಯ ಮುಷ್ಟಿಯಲ್ಲಿರುವ ಆ ಬೀಗದ ಕೈಯ ಮೇಲೆ ನಿಲ್ಲುತ್ತದೆ. ಎಲ್ಲರೂ ಇದನ್ನು ಹೊಗಳುತ್ತಾರೆ; ಹೊಗಳತಕ್ಕದ್ದೇ. ಆದರೆ ಕಾತರ ನಿಜವಾಗಿ ಹುಟ್ಟುವುದು ಆ ವೈಭವದ ಚಲನೆಯಿಂದಲ್ಲ, ಶಾಂಪೇನ್ ಸೀಸೆಗಳ ಎಣಿಕೆಯಿಂದ. ಔತಣಕ್ಕೆಂದು ಹಿಮದಲ್ಲಿಟ್ಟ ಸೀಸೆಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ಮುಗಿದರೆ ಮನೆಯ ಯಜಮಾನನು ಇನ್ನಷ್ಟು ತರಲು ನೆಲಮಾಳಿಗೆಗೆ ಇಳಿಯಲೇಬೇಕು. ಅಲ್ಲಿ ಅವನ ಹೆಂಡತಿಯೂ ಆಕೆಯ ಪ್ರಿಯನೂ ಇದ್ದಾರೆ. ಸೀಸೆಗಳನ್ನು ನೋಡುತ್ತ ಪ್ರೇಕ್ಷಕನು ಗಡಿಯಾರ ನೋಡುವವನಂತಾಗುತ್ತಾನೆ. ಅತಿಥಿಗಳು ಕುಡಿಯುವುದೇ ಒಂದು ಅಪರಾಧವೆಂಬಂತೆ ಅವನಿಗೆ ತೋರುತ್ತದೆ. ಮನೆವಾರ್ತೆಯ ವಸ್ತುವೊಂದರಿಂದ ಇಷ್ಟು ಸಂಕಟವನ್ನು ತೆಗೆದ ಇನ್ನೊಬ್ಬ ನಿರ್ದೇಶಕನನ್ನು ನಾನು ಕಾಣೆ. ಮಾಳಿಗೆಯ ಸೀಸೆಗಳಲ್ಲಿ ದೊರೆತದ್ದು ಯುರೇನಿಯಂ ಅದಿರು. ಅದು ಸಕ್ಕರೆಯೇ ಆಗಿದ್ದರೂ ದೃಶ್ಯದ ಬಲ ಕುಂದುತ್ತಿರಲಿಲ್ಲ.

ಈ ಲೆಕ್ಕ ತಪ್ಪಿದರೆ ಏನಾಗುವುದೆಂಬುದಕ್ಕೆ ಹಿಚ್‌ಕಾಕನ ೧೯೩೬ರ ‘ಸ್ಯಾಬಟಾಜ್’ ನಿದರ್ಶನ. ಜೋಸೆಫ್ ಕಾನ್ರಾಡನ ೧೯೦೭ರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಹುಡುಗನೊಬ್ಬನು ತಾನು ಹೊತ್ತಿರುವುದು ಬಾಂಬೆಂದು ಅರಿಯದೆ ಲಂಡನ್ನಿನ ಬೀದಿಗಳಲ್ಲಿ ತಡಮಾಡುತ್ತ ಹೋಗುತ್ತಾನೆ. ಬೀದಿಯ ಮಾರಾಟಗಾರನು ಅವನನ್ನು ನಿಲ್ಲಿಸಿಕೊಳ್ಳುತ್ತಾನೆ, ಮೆರವಣಿಗೆ ಅಡ್ಡಬರುತ್ತದೆ, ಬಸ್ಸು ನಿಂತು ನಿಂತು ಸಾಗುತ್ತದೆ, ನಡುನಡುವೆ ಗಡಿಯಾರದ ಮುಳ್ಳು. ಕೊನೆಗೆ ಬಾಂಬು ಸಿಡಿದು ಹುಡುಗನು ಸಾಯುತ್ತಾನೆ. ಪ್ರೇಕ್ಷಕರು ಇದನ್ನು ಸಹಿಸಲಿಲ್ಲ. ತಾನು ಮಾಡಿದ್ದು ತಪ್ಪೆಂದು ಹಿಚ್‌ಕಾಕನು ಮುಂದೆ ತ್ರೂಫೋನಿಗೆ ಹೇಳಿದನು. ಕಟ್ಟಿದ ಕಾತರವನ್ನು ಬಿಡಿಸದೆ ಹೋಗಬಾರದೆಂಬುದು ಆತನ ವಾದ. ನನಗೇನೋ ಆ ಚಿತ್ರದ ಮೇಲೆ ಆತನಿಗಿಂತ ಹೆಚ್ಚು ವಿಶ್ವಾಸವಿದೆ. ಬಾಂಬುಗಳು ಸಿಡಿಯುತ್ತವೆ, ಹುಡುಗರು ಸಾಯುತ್ತಾರೆ. ಮುಂದಿನ ನಾಲ್ಕು ವರ್ಷಗಳೊಳಗೆ ಲಂಡನ್ ನಗರ ಅದನ್ನು ಕಂಡಿತು.

ಇನ್ನೊಂದು ಅಂಶ ಇದಕ್ಕಿಂತ ಸೂಕ್ಷ್ಮವಾದದ್ದು. ತಿಳಿದವನು ಹೊಣೆಗಾರನಾಗುತ್ತಾನೆ. ಹಿಚ್‌ಕಾಕನು ಪ್ರೇಕ್ಷಕನಿಗೆ ಗುಟ್ಟನ್ನು ಹೇಳಿ ಅವನನ್ನು ಒಳಸಂಚಿನಲ್ಲಿ ಪಾಲುದಾರನನ್ನಾಗಿ ಮಾಡಿಕೊಳ್ಳುತ್ತಾನೆ. ೧೯೫೪ರ ‘ರಿಯರ್ ವಿಂಡೋ’ದಲ್ಲಿ ಕಾಲು ಮುರಿದು ಕುಳಿತ ಛಾಯಾಗ್ರಾಹಕನು ಎದುರುಮನೆಗಳ ಕಿಟಕಿಗಳನ್ನು ಇಣುಕುತ್ತ ಒಂದು ಕೊಲೆಯನ್ನು ಊಹಿಸುತ್ತಾನೆ. ಕೊಲೆ ನಡೆದಿರದೆ ಇದ್ದರೆ ಅವನಿಗೂ ನಮಗೂ ನಿರಾಶೆಯಾಗುತ್ತಿತ್ತು! ಕೊನೆಗೆ ಆ ಕೊಲೆಗಾರನು ತಲೆಯೆತ್ತಿ ನೇರವಾಗಿ ಕ್ಯಾಮೆರಾವನ್ನು ದಿಟ್ಟಿಸಿದಾಗ ಸಿಕ್ಕಿಬಿದ್ದವರು ನಾವು. ೧೯೬೦ರ ‘ಸೈಕೋ’ದಲ್ಲಿ ನಾರ್ಮನ್ ಬೇಟ್ಸನು ಸತ್ತ ಹೆಂಗಸಿನ ಕಾರನ್ನು ಜೌಗಿಗೆ ತಳ್ಳುತ್ತಾನೆ, ಕಾರು ಅರ್ಧ ಮುಳುಗಿ ನಿಂತುಬಿಡುತ್ತದೆ. ಆ ಒಂದು ಕ್ಷಣ ಚಿತ್ರಮಂದಿರದಲ್ಲಿರುವ ಸಜ್ಜನರೆಲ್ಲರೂ ಅದು ಮುಳುಗಲೆಂದು ಹಾರೈಸುತ್ತಾರೆ. ಈ ಹಾರೈಕೆಯನ್ನು ನಮ್ಮಿಂದ ಹೊರಡಿಸುವುದೇ ‘ಹಿಚ್‌ಕಾಕೀಯ’. ಸುರುಳಿ ಮೆಟ್ಟಿಲು, ಹೊಂಗೂದಲು ಮುಂತಾದುವು ಅಲಂಕಾರ ಮಾತ್ರ.

ಒಂದು ವಿನೋದವೇನೆಂದರೆ, ಜನಸಾಮಾನ್ಯರು ಈ ಹೆಸರನ್ನು ಕೇಳಿದೊಡನೆ ನೆನೆಯುವ ದೃಶ್ಯ ಈ ಲಕ್ಷಣಕ್ಕೆ ಹೊರತಾದದ್ದು. ‘ಸೈಕೋ’ದ ಸ್ನಾನಗೃಹದ ಕೊಲೆಯಲ್ಲಿ ಕಾತರವಿಲ್ಲ, ಅದು ಹಿಚ್‌ಕಾಕನೇ ಕೆಳಗಿಟ್ಟು ಮಾತನಾಡಿದ ಬೆಚ್ಚು. ಕಥೆಯ ನಾಯಿಕೆ ಅರ್ಧದಾರಿಯಲ್ಲೇ ಸಾಯುವಳೆಂದು ಅಂದಿನ ಪ್ರೇಕ್ಷಕನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಚಿತ್ರ ಆರಂಭವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದೆಂದು ಹಿಚ್‌ಕಾಕನು ಪಟ್ಟುಹಿಡಿದದ್ದು ಇದಕ್ಕಾಗಿಯೇ.

ಹಾಗಾದರೆ ಈ ವಿಶೇಷಣವನ್ನು ಬರೆಸಿದವರು ಯಾರು? ಮೊದಲನೆಯದಾಗಿ ವ್ಯಾಪಾರ. ೧೯೫೫ರ ಅಕ್ಟೋಬರ್ ೨ರಂದು ಅಮೆರಿಕದ ದೂರದರ್ಶನದಲ್ಲಿ ‘ಆಲ್ಫ್ರೆಡ್ ಹಿಚ್‌ಕಾಕ್ ಪ್ರೆಸೆಂಟ್ಸ್’ ಎಂಬ ಮಾಲೆ ಆರಂಭವಾಯಿತು. ಗೂನೊನ ವಿನೋದಮಯ ಶವಯಾತ್ರೆಯ ಸಂಗೀತ, ಕೆಲವೇ ಗೆರೆಗಳ ಮುಖಚಿತ್ರ, ಆ ಗೆರೆಗಳೊಳಗೆ ನಡೆದು ಬಂದು ನಿಲ್ಲುವ ಸ್ಥೂಲದೇಹ; ಇವು ವಾರವಾರವೂ ಮನೆಮನೆಗೆ ಹೋದುವು. ಅರ್ಧ ಗಂಟೆಯ ಇನ್ನೂರ ಅರವತ್ತಕ್ಕೂ ಮಿಕ್ಕ ಕಥೆಗಳಲ್ಲಿ ಆತ ಸ್ವತಃ ನಿರ್ದೇಶಿಸಿದ್ದು ಹದಿನೇಳು. ೧೯೫೬ರಲ್ಲಿ ಆತನ ಹೆಸರಿನ ಒಂದು ಮಾಸಪತ್ರಿಕೆ ಹೊರಟಿತು. ೧೯೬೪ರಿಂದ ಆತನ ಹೆಸರು ಹೊತ್ತ ಬಾಲಪತ್ತೇದಾರರ ಪುಸ್ತಕಗಳು ಬಂದುವು, ಬರೆದವನು ರಾಬರ್ಟ್ ಆರ್ಥರ್. ಎಂದರೆ ವಿದ್ವಾಂಸರು ಈ ಹೆಸರನ್ನು ವಿಶೇಷಣವಾಗಿ ಮಾಡುವ ಮೊದಲೇ ಅಂಗಡಿಯವರು ಅದನ್ನು ಮುದ್ರೆಯಾಗಿ ಮಾಡಿದ್ದರು.

ಎರಡನೆಯದು ವಿಮರ್ಶೆ. ೧೯೫೦ರ ದಶಕದಲ್ಲಿ ಪ್ಯಾರಿಸ್ಸಿನ ‘ಕಾಯೆ ದು ಸಿನೆಮಾ’ ಪತ್ರಿಕೆಯ ತರುಣರು, ಚಿತ್ರಕ್ಕೆ ನಿರ್ದೇಶಕನೇ ಕರ್ತೃ, ಕಾವ್ಯಕ್ಕೆ ಕವಿಯಿರುವಂತೆ ಎಂಬ ವಾದವನ್ನು ಎತ್ತಿ, ಹಾಲಿವುಡ್ಡಿನ ಕೂಲಿಕಾರನೆಂದು ಇತರರು ತಳ್ಳಿದ್ದ ಹಿಚ್‌ಕಾಕನನ್ನು ಅದಕ್ಕೆ ಸಾಕ್ಷಿಯಾಗಿ ನಿಲ್ಲಿಸಿದರು. ೧೯೫೭ರಲ್ಲಿ ಎರಿಕ್ ರೊಮೆರ್ ಮತ್ತು ಕ್ಲೋದ್ ಶಬ್ರೋಲ್ ಸೇರಿ ಆತನ ಮೇಲೆ ಪುಸ್ತಕವನ್ನೇ ಬರೆದರು. ೧೯೬೫ರಲ್ಲಿ ರಾಬಿನ್ ವುಡ್ ಇಂಗ್ಲಿಷಿನಲ್ಲಿ ಬರೆದನು. ಅವರಿಂದ ಆದ ಉಪಕಾರ ದೊಡ್ಡದು. ಆದರೆ ಅದೇ ೧೯೫೭ರಲ್ಲಿ, ಅದೇ ಪತ್ರಿಕೆಯಲ್ಲಿ, ಅವರೆಲ್ಲರಿಗೂ ಹಿರಿಯನಾದ ಆಂದ್ರೆ ಬಾಜ಼ಾನ್, ವ್ಯಕ್ತಿಪೂಜೆಯ ಭರದಲ್ಲಿ ಕಾಲವನ್ನೂ ಕಾರ್ಯವ್ಯವಸ್ಥೆಯನ್ನೂ ಮರೆಯಬಾರದೆಂದು ಎಚ್ಚರಿಸಿದ್ದನು. ಆ ಎಚ್ಚರಿಕೆಗೆ ಸಿಗಬೇಕಾದಷ್ಟು ಮನ್ನಣೆ ಸಿಗಲಿಲ್ಲ.

ಬಾಜ಼ಾನನ ಮಾತನ್ನು ಹಿಡಿದು ಲೆಕ್ಕ ಹಾಕಿ ನೋಡೋಣ. ಈ ವಿಶೇಷಣ ನಮ್ಮ ಕಣ್ಣಮುಂದೆ ತರುವ ಚಿತ್ರಗಳು ಬಹುಮಟ್ಟಿಗೆ ೧೯೫೪ರಿಂದ ೧೯೬೪ರವರೆಗಿನವು. ಆ ಹತ್ತು ವರ್ಷಗಳಲ್ಲಿ, ‘ಸೈಕೋ’ ಒಂದನ್ನು ಬಿಟ್ಟರೆ, ಆತನ ಚಿತ್ರಗಳ ಛಾಯಾಗ್ರಾಹಕನು ರಾಬರ್ಟ್ ಬರ್ಕ್ಸ್. ಹೆಚ್ಚುಕಡಿಮೆ ಎಲ್ಲಕ್ಕೂ ಸಂಕಲನಕಾರನು ಜಾರ್ಜ್ ಟೊಮಸೀನಿ. ೧೯೫೫ರಿಂದ ಸಂಗೀತ ಬರ್ನಾರ್ಡ್ ಹರ್ಮನ್ನನದು. ‘ವರ್ಟಿಗೋ’ದಲ್ಲಿ ಮೆಟ್ಟಿಲ ಬಾವಿ ಹಿಂದಕ್ಕೂ ಮುಂದಕ್ಕೂ ಒಮ್ಮೆಲೇ ಸರಿದಂತೆ ಕಾಣಿಸುವ ಚಮತ್ಕಾರವನ್ನು ಸಾಧಿಸಿದವನು ಇರ್ಮಿನ್ ರಾಬರ್ಟ್ಸ್ ಎಂಬ ಛಾಯಾಗ್ರಾಹಕ, ಚಿತ್ರದ ಹೆಸರುಗಳ ಪಟ್ಟಿಯಲ್ಲಿ ಅವನಿಲ್ಲ. ‘ಸೈಕೋ’ದ ಸ್ನಾನಗೃಹದ ದೃಶ್ಯಕ್ಕೆ ಸಂಗೀತವೇ ಬೇಡವೆಂದು ಹಿಚ್‌ಕಾಕನು ಹೇಳಿದ್ದನು. ಹರ್ಮನ್ ಕೇಳಲಿಲ್ಲ, ಬರಿಯ ತಂತಿವಾದ್ಯಗಳಿಂದ ಆ ಚೀತ್ಕಾರವನ್ನು ರಚಿಸಿ ಕೇಳಿಸಿದನು, ಹಿಚ್‌ಕಾಕನು ಒಪ್ಪಿದನು. ಇಂದು ಯಾವ ಮೂಲೆಯಲ್ಲಾದರೂ ಆ ಚೀತ್ಕಾರದ ಅನುಕರಣೆ ಕೇಳಿದರೆ ಅದನ್ನು ‘ಹಿಚ್‌ಕಾಕೀಯ’ವೆನ್ನುತ್ತೇವೆ! ೧೯೬೪ರಲ್ಲಿ ಟೊಮಸೀನಿ ತೀರಿಕೊಂಡನು, ಬರ್ಕ್ಸನಿಗೂ ಆ ವರ್ಷದ ‘ಮಾರ್ನಿ’ಯೇ ಆತನೊಡನೆ ಕಡೆಯ ಚಿತ್ರವಾಯಿತು, ೧೯೬೬ರ ‘ಟಾರ್ನ್ ಕರ್ಟನ್’ಗೆ ಹರ್ಮನ್ ರಚಿಸಿದ ಸಂಗೀತವನ್ನು ಹಿಚ್‌ಕಾಕನು ತಿರಸ್ಕರಿಸಿದ ಮೇಲೆ ಅವರಿಬ್ಬರ ಸ್ನೇಹ ಮುರಿಯಿತು. ಅನಂತರದ ಚಿತ್ರಗಳಲ್ಲಿ, ೧೯೭೨ರ ‘ಫ್ರೆಂಜ಼ಿ’ಯ ಕೆಲವು ಭಾಗಗಳನ್ನುಳಿದು, ಹಳೆಯ ಕಸುವು ಕಾಣುವುದಿಲ್ಲ. ವ್ಯಕ್ತಿ ಅವನೇ, ಕಾರ್ಯಶಾಲೆ ಚದರಿತ್ತು. ಹೊಯ್ಸಳ ದೇವಾಲಯವನ್ನು ಕಟ್ಟಿಸಿದ ದೊರೆಯ ಹೆಸರನ್ನು ಹೇಳಿ ಕಲ್ಲಿನ ಕೆಳಗೆ ತಮ್ಮ ಹೆಸರನ್ನು ಕೊರೆದ ಶಿಲ್ಪಿಗಳನ್ನು ಬಿಟ್ಟರೆ ಆ ಇತಿಹಾಸ ಎಷ್ಟು ಅಪೂರ್ಣವೋ ಇದೂ ಅಷ್ಟೇ ಅಪೂರ್ಣ.

ಆತನ ಪತ್ನಿ ಆಲ್ಮಾ ರೆವಿಲ್ಲಳ ಹೆಸರನ್ನು ಇಲ್ಲಿ ಹೇಳಲೇಬೇಕು. ೧೯೨೬ರಲ್ಲಿ ಮದುವೆಯಾದಾಗ ಆಕೆ ಆಗಲೇ ನುರಿತ ಸಂಕಲನಕಾರ್ತಿ. ೧೯೭೯ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಸನ್ಮಾನಿಸಿದಾಗ ಹಿಚ್‌ಕಾಕನು, ತನಗೆ ನೆರವಾದ ನಾಲ್ವರನ್ನು ಮಾತ್ರ ನೆನೆಯುವೆನೆಂದು ಹೇಳಿ, ಒಬ್ಬರು ಸಂಕಲನಕಾರರು, ಒಬ್ಬರು ಚಿತ್ರಕಥೆ ಬರೆದವರು, ಒಬ್ಬರು ತನ್ನ ಮಗಳ ತಾಯಿ, ಒಬ್ಬರು ಅಡುಗೆಯಲ್ಲಿ ಅದ್ಭುತಗಳನ್ನು ಮಾಡಿದವರು, ನಾಲ್ವರ ಹೆಸರೂ ಆಲ್ಮಾ ರೆವಿಲ್ ಎಂದನು. ವಿಶೇಷಣಕ್ಕೆ ವಿರುದ್ಧವಾಗಿ ಅದರ ಒಡೆಯನೇ ನುಡಿದ ಸಾಕ್ಷ್ಯವಿದು.

ಈ ವಿಷಯದಲ್ಲಿ ಒಂದು ಪ್ರಯೋಗವೂ ನಡೆದಿದೆ. ೧೯೯೮ರಲ್ಲಿ ಗಸ್ ವಾನ್ ಸ್ಯಾಂಟ್ ‘ಸೈಕೋ’ವನ್ನು ಹೆಚ್ಚುಕಡಿಮೆ ದೃಶ್ಯಕ್ಕೆ ದೃಶ್ಯವೆಂಬಂತೆ ವರ್ಣದಲ್ಲಿ ಮರಳಿ ತೆಗೆದನು. ಚಿತ್ರಕಥೆ ಜೋಸೆಫ್ ಸ್ಟೆಫಾನೋನದೇ, ಸಂಗೀತ ಹರ್ಮನ್ನನದೇ, ಕೋನಗಳು ಬಹುಪಾಲು ಅವೇ. ಚಿತ್ರ ನಿರ್ಜೀವವಾಯಿತು. ಅನುಕರಿಸುವವನಿಗೆ ಪ್ರತಿಭೆ ಸಾಲದೆಂಬ ಉತ್ತರ ಸುಲಭ, ಆದರೆ ಸಾಲದು. ೧೯೬೦ರ ಪ್ರೇಕ್ಷಕನಿಗೆ ಏನು ತಿಳಿದಿರಲಿಲ್ಲವೋ ಅದು ೧೯೯೮ರಲ್ಲಿ ಚಿತ್ರ ನೋಡದವನಿಗೂ ತಿಳಿದಿತ್ತು. ಜ್ಞಾನದ ಹಂಚಿಕೆಯೇ ಈ ಕಲೆಯ ಜೀವವಾದರೆ ಹಂಚಿಕೆ ಬದಲಾದಾಗ ಅದೇ ಚೌಕಟ್ಟುಗಳು ಬೇರೆ ಅರ್ಥ ಕೊಡುತ್ತವೆ. ಬ್ರಯನ್ ಡಿ ಪಾಮನು ‘ಸಿಸ್ಟರ್ಸ್’, ‘ಡ್ರೆಸ್ಡ್ ಟು ಕಿಲ್’ ಮುಂತಾದ ಚಿತ್ರಗಳಲ್ಲಿ ಎರವು ತಂದುದನ್ನು ಮುಚ್ಚಿಡದೆ, ಪ್ರೇಕ್ಷಕನ ಆ ನೆನಪನ್ನೇ ಬಂಡವಾಳ ಮಾಡಿಕೊಂಡು ಇದಕ್ಕಿಂತ ಹೆಚ್ಚು ಗೆದ್ದನು.

ವಿಶೇಷಣ ಮುಚ್ಚಿಡುವುದು ಸಹಾಯಕರನ್ನು ಮಾತ್ರವಲ್ಲ. ೧೯೭೫ರಲ್ಲಿ ಲಾರಾ ಮಲ್ವಿಯವರು ಬರೆದ ಪ್ರಬಂಧ ‘ರಿಯರ್ ವಿಂಡೋ’, ‘ವರ್ಟಿಗೋ’, ‘ಮಾರ್ನಿ’ಗಳಲ್ಲಿ ನೋಡುವವನು ಗಂಡು, ನೋಡಿಸಿಕೊಳ್ಳುವವಳು ಹೆಣ್ಣು ಎಂಬ ವ್ಯವಸ್ಥೆಯನ್ನು ತೋರಿಸಿಕೊಟ್ಟಿತು. ‘ದಿ ಬರ್ಡ್ಸ್’ ಮತ್ತು ‘ಮಾರ್ನಿ’ಗಳ ನಾಯಿಕೆ ಟಿಪ್ಪಿ ಹೆಡ್ರೆನ್ ಅವರು ಹಿಚ್‌ಕಾಕನು ತಮ್ಮೊಡನೆ ಅನುಚಿತವಾಗಿ ನಡೆದುಕೊಂಡನೆಂದು ತಮ್ಮ ೨೦೧೬ರ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹೆಂಗಸೊಬ್ಬಳನ್ನು ತನ್ನ ಕಲ್ಪನೆಗೆ ತಕ್ಕಂತೆ ಉಡಿಸಿ ತೊಡಿಸಿ ತಿದ್ದುವ ಗಂಡಸಿನ ಕಥೆಯಾದ ‘ವರ್ಟಿಗೋ’ವನ್ನು ೨೦೧೨ರಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯ ಮತಗಣನೆ ಸರ್ವಶ್ರೇಷ್ಠ ಚಿತ್ರವೆಂದು ಆರಿಸಿತು. ೨೦೨೨ರಲ್ಲಿ ಅದನ್ನು ಎರಡನೆಯ ಸ್ಥಾನಕ್ಕೆ ಇಳಿಸಿದ್ದು ಶಾಂಟಾಲ್ ಆಕರ್ಮನ್ ಎಂಬ ಮಹಿಳೆಯ ಚಿತ್ರ. ಆ ಚಿತ್ರವನ್ನು ನಾನು ಈಗಲೂ ದೊಡ್ಡದೆಂದೇ ಎಣಿಸುತ್ತೇನೆ; ಅದು ತನ್ನ ನಾಯಕನ ರೋಗವನ್ನು ಬಲ್ಲದು. ಆದರೆ ಬಲ್ಲುದಕ್ಕೂ ಗುಣಪಡಿಸಿಕೊಂಡುದಕ್ಕೂ ವ್ಯತ್ಯಾಸವಿದೆಯೆಂಬುದನ್ನು ತರಗತಿಯಲ್ಲಿ ಹೇಳದೆ ಬಿಡಬಾರದು.

ಕಡೆಯದಾಗಿ, ಈ ವಿಶೇಷಣದೊಳಗೆ ಎಲ್ಲಿಯೂ ಹಿಡಿಸದ ಒಂದು ಕೆಲಸವನ್ನು ಹೇಳಬೇಕು. ೧೯೪೫ರ ಏಪ್ರಿಲ್ ೧೫ರಂದು ಬ್ರಿಟಿಷ್ ಸೇನೆ ಬೆರ್ಗೆನ್-ಬೆಲ್ಸೆನ್ ಬಂದಿಶಿಬಿರವನ್ನು ಪ್ರವೇಶಿಸಿತು. ಅಲ್ಲಿಯೂ ಇತರ ಶಿಬಿರಗಳಲ್ಲಿಯೂ ಸೇನೆಯ ಛಾಯಾಗ್ರಾಹಕರು ತೆಗೆದ ಚಿತ್ರಗಳಿಂದ ಒಂದು ಸಾಕ್ಷ್ಯಚಿತ್ರವನ್ನು ರಚಿಸಲು ಸಿಡ್ನಿ ಬರ್ನ್‌ಸ್ಟೈನ್ ಹೊರಟನು. ಸ್ನೇಹಿತನ ಕರೆಗೆ ಓಗೊಟ್ಟು ಹಿಚ್‌ಕಾಕನು ಆ ಬೇಸಗೆಯಲ್ಲಿ ಲಂಡನ್ನಿಗೆ ಬಂದು ಕೆಲವು ವಾರ ಸಲಹೆಗಾರನಾಗಿದ್ದನು. ಕತ್ತರಿಯ ಕಲೆಗೆ ಹೆಸರಾದ ಆತನು ಇಲ್ಲಿ ಕೊಟ್ಟ ಸಲಹೆ ಕತ್ತರಿಸಬೇಡಿ ಎಂಬುದು. ಶವಗಳಿಂದ ಅಲ್ಲಿ ನಿಂತ ಊರಿನವರ ಮುಖಗಳವರೆಗೆ ಕ್ಯಾಮೆರಾ ಎಡೆಬಿಡದೆ ಸರಿಯಬೇಕು. ಇಲ್ಲದಿದ್ದರೆ ಇದು ಜೋಡಿಸಿದ ಸುಳ್ಳೆಂದು ನಾಳೆ ಯಾರಾದರೂ ಹೇಳಿಯಾರು. ಸಂಕಲನದಿಂದ ಪ್ರೇಕ್ಷಕನನ್ನು ಎಷ್ಟು ನಂಬಿಸಬಹುದೆಂದು ಬಲ್ಲವನಿಗೇ ಅದರ ಅಪಾಯವೂ ಗೊತ್ತಿತ್ತು. ಇದಲ್ಲದೆ, ಒಂದೊಂದು ಶಿಬಿರದ ಸುತ್ತ ವೃತ್ತವೆಳೆದ ಭೂಪಟಗಳನ್ನು ತೋರಿಸಬೇಕೆಂದೂ ಆತ ಸೂಚಿಸಿದನು. ಜನ ಓಡಾಡುವ ಪಟ್ಟಣಗಳು, ಹೊಲಮನೆಗಳು ಅವುಗಳಿಗೆ ಎಷ್ಟು ಸಮೀಪದಲ್ಲಿದ್ದವೆಂಬುದು ಅವುಗಳಿಂದ ಕಾಣಬೇಕು. ನಮಗೆ ತಿಳಿದಿರಲಿಲ್ಲ ಎಂದು ಆ ಊರುಗಳವರು ಹೇಳುತ್ತಿದ್ದ ಕಾಲವದು. ಯಾರಿಗೆ ಏನು ತಿಳಿದಿತ್ತು ಎಂಬ ಆತನ ಎಂದಿನ ಪ್ರಶ್ನೆ ಇಲ್ಲಿ ಕಥೆಯ ಉಪಾಯವಾಗಿ ಉಳಿಯಲಿಲ್ಲ.

ಸೋತ ಜರ್ಮನಿಯೊಡನೆ ಬಾಂಧವ್ಯ ಬೇಕಾಗಿ ಬಂದಾಗ ಬ್ರಿಟಿಷ್ ಸರ್ಕಾರಕ್ಕೆ ಈ ಚಿತ್ರ ಬೇಡವಾಯಿತು. ಅದೇ ಸೆಪ್ಟೆಂಬರಿನಲ್ಲಿ ಕೆಲಸ ನಿಂತಿತು. ಆರು ಸುರುಳಿಗಳಲ್ಲಿ ಐದು ೧೯೮೪ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಮೊದಲ ಬಾರಿಗೆ ಪ್ರದರ್ಶಿತವಾದುವು. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಆರನೆಯದನ್ನೂ ಮೂಲದ ಟಿಪ್ಪಣಿಗಳಿಗನುಸಾರವಾಗಿ ಜೋಡಿಸಿ ೨೦೧೪ರಲ್ಲಿ ಚಿತ್ರವನ್ನು ಪೂರ್ಣಗೊಳಿಸಿತು. ಆ ಭೂಪಟಗಳು ಅದರಲ್ಲಿವೆ.